ನರೋಣಾದ ರೊಟ್ಟಿ ಕೇಂದ್ರಕ್ಕೆ ನಾನು ಹೊಸತನ ತಂದದ್ದು

ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತನಾಗಿ ಕೂತವನಿಗೆ ಒಂದು ರೊಟ್ಟಿ ಕೇಂದ್ರ ನಡೆಸುವುದು ಏನು ದೊಡ್ಡ ಮಾತು? ನನ್ನ ಕೈಯಲ್ಲಿ ಒಂದು ಹಾಜರಿ ಪುಸ್ತಕ ಕಳೆದಿಲ್ಲ, ಒಂದು ವರ್ಗಾವಣೆ ಪತ್ರ ತಡವಾಗಿಲ್ಲ. ಅಲ್ಲಿ ನಾನೂರು ಮಕ್ಕಳಿದ್ದರು. ಇಲ್ಲಿ ಏಳು ಹೆಂಗಸರು, ಎಂಟು ಒಲೆ. ಸುಲಭದ ಕೆಲಸ ಎಂದುಕೊಂಡೆ. ಒಂದು ಒಲೆ ಹೆಚ್ಚಿಗಿದೆ ಎಂಬುದು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು.

ಕೇಂದ್ರ ನನ್ನದಲ್ಲ, ನನ್ನ ಹೆಂಡತಿ ಮಹಾನಂದಾಳದು. ನರೋಣಾದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಂದು ತಗಡಿನ ಶೆಡ್ಡು. ಅಲ್ಲಿ ಹನ್ನೊಂದು ವರ್ಷದಿಂದ ಆಕೆ ಏಳು ಮಂದಿಯನ್ನು ಕಟ್ಟಿಕೊಂಡು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಮಾಡಿಸಿ ಮಾರುತ್ತಿದ್ದಳು. ತಿಂಗಳುಗಟ್ಟಲೆ ಉಳಿಯುವ ಖಡಕ್ ರೊಟ್ಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೇವರ್ಗಿಯ ಒಬ್ಬ ಸಾಹುಕಾರರ ಅಂಗಡಿಗೆ ಬಸ್ಸಿನ ಮೇಲೆ ಹೋಗುತ್ತಿತ್ತು. ಹೋದ ಶ್ರಾವಣದಲ್ಲಿ ಮಹಾನಂದಾ ತೀರಿಕೊಂಡಳು. ಬುಧವಾರ ಜ್ವರ ಬಂದಂಗ ಆಗೇದ ಅಂದಳು, ಶನಿವಾರ ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಏಳೂ ಮಂದಿ ಮನೆಗೆ ಬಂದರು. ಅವರೆಲ್ಲ ಮಹಾನಂದಾಳನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ಅಕ್ಕನ ಗಂಡನಾದ ನಾನು ಮಾಮಾ. ಅವರಲ್ಲಿ ಹಿರಿಯಳು ನೀಲಮ್ಮ. ಓದು ಬರಹ ಇಲ್ಲ, ಮಾತು ಮಾತ್ರ ಹರಿತ. ಆಕೆಯೇ ಮುಂದೆ ಬಂದು ಹೇಳಿದಳು:

"ಮಾಮಾ, ನೀವು ಏನೂ ಮಾಡಬ್ಯಾಡ್ರಿ. ಸುಮ್ನ ಬಂದು ಅಕ್ಕನ ಕುರ್ಚಿ ಮ್ಯಾಲ ಕುಂದರ್ರಿ. ಫೋನ್ ಬಂದ್ರ ಎತ್ತರಿ."

ಈ ಮಾತಿನಲ್ಲಿ ಮೂರು ಸೂಚನೆಗಳಿದ್ದವು. ಕೊನೆಯ ಎರಡನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ.

ಮೊದಲನೆಯದು ನನ್ನಿಂದ ಆಗಲಿಲ್ಲ. ಆಕೆಯ ಕುರ್ಚಿಯ ಮೇಲೆ ಸುಮ್ಮನೆ ಕೂತರೆ ಐದು ನಿಮಿಷಕ್ಕೆ ಎದ್ದುಬಿಡುತ್ತಿದ್ದೆ. ಕೈಗೆ ಕೆಲಸ ಬೇಕಾಗಿತ್ತು. ಅದೇ ಹೊತ್ತಿಗೆ ನನಗೆ ಒಂದು ಅವ್ಯವಸ್ಥೆ ಕಾಣಿಸಿತು. ಪ್ರತಿಯೊಬ್ಬ ಹೆಂಗಸೂ ತಾನು ಬಡಿದ ರೊಟ್ಟಿಗಳನ್ನು ತಾನೇ ಒಂದರ ಮೇಲೊಂದು ಪೇರಿಸಿ, ಕಾಗದ ಸುತ್ತಿ ಗಂಟು ಕಟ್ಟಿ ಇಟ್ಟು ಮನೆಗೆ ಹೋಗುತ್ತಿದ್ದಳು. ಆ ಗಂಟನ್ನು ಹಾಗೇ ಡಬ್ಬಿಗೆ ಇಳಿಸುವುದು ಪದ್ಧತಿ. ಅಂದರೆ ಒಂದು ಡಬ್ಬಿಯಲ್ಲಿ ಬರೀ ನೀಲಮ್ಮನ ರೊಟ್ಟಿ, ಇನ್ನೊಂದರಲ್ಲಿ ಬರೀ ರಮಾಬಾಯಿಯದು. ಇದೆಂಥ ನ್ಯಾಯ? ಒಬ್ಬ ಗಿರಾಕಿಗೆ ಒಬ್ಬಳದೇ ಕೈ ಯಾಕೆ ಸಿಗಬೇಕು? ಶಾಲೆಯಲ್ಲಿ ಜಾಣರನ್ನೂ ದಡ್ಡರನ್ನೂ ಎಲ್ಲ ವಿಭಾಗಗಳಿಗೆ ಸಮನಾಗಿ ಹಂಚುತ್ತಿದ್ದ ನಾನು ಇಲ್ಲಿಯೂ ಸಮಾನತೆ ಜಾರಿಗೆ ತಂದೆ. ಸಂಜೆ ಎಲ್ಲರೂ ಹೋದ ಮೇಲೆ ಗಂಟುಗಳನ್ನು ಬಿಚ್ಚಿ, ಒಂದು ರೊಟ್ಟಿ ಅವಳದು, ಒಂದು ಇವಳದು, ಹೀಗೆ ಏಳು ಕೈಯ ರೊಟ್ಟಿಯನ್ನೂ ಸರದಿಯಂತೆ ಪೇರಿಸಿ ಡಬ್ಬಿ ತುಂಬುತ್ತಿದ್ದೆ. ಅದಕ್ಕೆ ಎರಡು ತಾಸು ಹಿಡಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಎರಡು ತಾಸು ಮನೆಗೆ ಹೋಗದೆ ಕಳೆಯುತ್ತಿತ್ತಲ್ಲ, ಸುಧಾರಣೆಯ ಮುಖ್ಯ ಲಾಭ ಅದೇ ಆಗಿತ್ತು. ಹೆಂಗಸರಿಗೆ ಈ ಸಣ್ಣ ವಿಷಯ ಹೇಳುವ ಅಗತ್ಯ ಕಾಣಲಿಲ್ಲ.

ಹದಿನೈದು ದಿನಕ್ಕೆ ಜೇವರ್ಗಿಯಿಂದ ಫೋನು ಬಂತು. ಸಾಹುಕಾರರು ದೊಡ್ಡ ದನಿಯಲ್ಲಿ ಮಾತನಾಡುವವರಲ್ಲ.

"ಸರ್ರ, ಒಂದ್ ಮಾತ್ ಕೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ನೀವು ರೊಟ್ಟಿ ಕಳಸಾಕತ್ತೀರೋ, ನುಚ್ಚು ಕಳಸಾಕತ್ತೀರೋ?"

ಡಬ್ಬಿ ತೆರೆದರೆ ಅರ್ಧಕ್ಕರ್ಧ ಚೂರಂತೆ. ನಾನು ರಸ್ತೆಯನ್ನು ದೂರಿದೆ. ಮುಂದಿನ ಸಲ ಬಸ್ಸಿನ ಡ್ರೈವರನನ್ನು. ಅದರ ಮುಂದಿನ ಸಲ ಈ ವರ್ಷದ ಜೋಳವನ್ನು. ದೂರಲು ಏನೂ ಉಳಿಯದಾದಾಗ ಹೆಂಗಸರನ್ನು ಕರೆದು, ಹಿಟ್ಟನ್ನು ಇನ್ನಷ್ಟು ಗಟ್ಟಿಯಾಗಿ ನಾದಬೇಕೆಂದು ಸೂಚಿಸಿದೆ. ನೀಲಮ್ಮ ನನ್ನ ಮುಖವನ್ನೂ ತನ್ನ ಕೈಯನ್ನೂ ಒಮ್ಮೆ ನೋಡಿಕೊಂಡು ಒಲೆಯ ಮುಂದೆ ಹೋಗಿ ಕೂತಳು.

ಕೊನೆಗೆ ಸಾಹುಕಾರರು ಗಡುವು ಕೊಟ್ಟರು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುವವರು, ಸಜ್ಜೆ ರೊಟ್ಟಿಗೆ ವರ್ಷದಲ್ಲೇ ಹೆಚ್ಚಿನ ಗಿರಾಕಿ. ಆವಾಗ ಇಡೀ ರೊಟ್ಟಿ ಬಂದರೆ ಸರಿ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದರು. ಜೇವರ್ಗಿ ಹೋದರೆ ನಾಲ್ಕು ಒಲೆ ಆರುತ್ತವೆ. ನಾಲ್ಕು ಮಂದಿ ತೊಗರಿ ಕೊಯ್ಲಿಗೆ ಕೂಲಿ ಹೋಗಬೇಕು. ರಮಾಬಾಯಿಗೆ ಮೊಣಕಾಲು ನೋವು, ಹೊಲದಲ್ಲಿ ನಿಂತು ಕೊಯ್ಯಲಾಗುವುದಿಲ್ಲ. ಮಹಾನಂದಾ ಹನ್ನೊಂದು ವರ್ಷ ಉರಿಸಿದ್ದನ್ನು ನಾನು ನಾಲ್ಕು ತಿಂಗಳಲ್ಲಿ ಆರಿಸುವವನಾದೆ.

ಅಷ್ಟರಲ್ಲಿ ಅಫಜಲಪುರದಲ್ಲಿ ಸಣ್ಣ ಉದ್ದಿಮೆಯವರಿಗೆ ಒಂದು ದಿನದ ತರಬೇತಿ ಇದೆ ಎಂದು ಗೊತ್ತಾಯಿತು. ವಿಷಯ: ಸಂಸ್ಥೆಯಲ್ಲಿ ಹೊಸತನ. ಎರಡು ಬಸ್ಸು ಬದಲಿಸಿ ಹೋದೆ. ಪಾಠ ಹೇಳಿದವರು ನಮ್ಮ ಹೈಸ್ಕೂಲಿನಿಂದ ನಿನ್ನೆ ಮೊನ್ನೆ ಹೊರಬಿದ್ದ ಹುಡುಗರಂತಿದ್ದರು, ಆದರೆ ಚೆನ್ನಾಗಿ ಹೇಳಿದರು. ಹೊಸತನ ತಾನಾಗಿ ಬರುವುದಿಲ್ಲ, ಬರಮಾಡಿಕೊಳ್ಳಬೇಕು. ಅದಕ್ಕೆ ಗೊತ್ತಾದ ಹೊತ್ತು ಬೇಕು, ಗೊತ್ತಾದ ಜಾಗ ಬೇಕು, ಯಾರ ಜವಾಬ್ದಾರಿ ಎಂಬುದು ಗೊತ್ತಿರಬೇಕು, ಮಾಡಿದ್ದಕ್ಕೆ ದಾಖಲೆ ಇರಬೇಕು. ತಪ್ಪಿದವರನ್ನು ಬೈಯಬಾರದು. ನಾನು ಎಲ್ಲವನ್ನೂ ಬರೆದುಕೊಂಡು ಕೆಂಪು ಪೆನ್ನಿನಿಂದ ಅಡಿಗೆರೆ ಹಾಕಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಮಹಾನಂದಾಳ ಮೇಲೆ ಮರುಕ ಬಂತು. ಪಾಪ, ಇದು ಯಾವುದೂ ಇಲ್ಲದೆ ಹನ್ನೊಂದು ವರ್ಷ ಹೇಗೆ ನಡೆಸಿದಳೋ!

ಮರುದಿನದಿಂದ ಆದೇಶಗಳು ಹೊರಟವು. ಮೊದಲನೆಯದು ಎಂಟನೇ ಒಲೆಯ ಕುರಿತು. ಅದನ್ನು ದಿನಾ ಯಾರೂ ಹಚ್ಚುತ್ತಿರಲಿಲ್ಲ. ಮಹಾನಂದಾ ಇದ್ದಾಗ ಸೋಮವಾರ ಮಧ್ಯಾಹ್ನ ಮಾತ್ರ ಹಚ್ಚಿ ಎಲ್ಲರೂ ಸುತ್ತ ಕೂತು ಏನೋ ಮಾಡಿ ತಿನ್ನುತ್ತಿದ್ದರು, ಈಗ ಮತ್ತೆ ಹಚ್ಚುವ ಮಾತೆತ್ತಿದ್ದರು. ಕೆಲಸದ ಹೊತ್ತು ಹಾಳು, ಹಿಟ್ಟು ದಂಡ. "ಸದರಿ ಒಲೆಯನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸಲಾಗಿದೆ" ಎಂದು ಬರೆದು ಗೋಡೆಗೆ ಅಂಟಿಸಿದೆ. ಆ ಗೋಡೆಯೋ, ಅಡಿಯಿಂದ ಮುಡಿಯವರೆಗೆ ಇದ್ದಿಲಿನ ಗೀಚು. ಸುತ್ತು, ಅರ್ಧ ಸುತ್ತು, ಗೀಟು, ಚುಕ್ಕಿ. ದೀಪಾವಳಿಗೆ ಮೂರು ದಿನ ಕೇಂದ್ರ ಮುಚ್ಚಿದ್ದಾಗ ಸುಣ್ಣ ಹೊಡೆಸಿದೆ. ಒಂದು ಸಲಕ್ಕೆ ಇದ್ದಿಲು ಹೋಗಲಿಲ್ಲ, ಎರಡನೇ ಸಲ ಹೊಡೆಸಿದೆ. ಹಬ್ಬ ಮುಗಿಸಿ ಬಂದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು. ನೀಲಮ್ಮ ಹೋಗಿ ಗೋಡೆಯನ್ನು ಅಂಗೈಯಿಂದ ಮುಟ್ಟಿದಳು. ಬೆಳ್ಳಗೆ ಹೊಳೆಯುತ್ತಿದ್ದ ಗೋಡೆಗೆ ಅವರು ಮೂಕರಾಗಿದ್ದಾರೆ ಎಂದು ನಾನು ತಿಳಿದೆ.

ಆ ಬೆಳ್ಳನೆಯ ಗೋಡೆಯ ನಡುವೆ ಒಂದು ಪೆಟ್ಟಿಗೆ ನೇತುಹಾಕಿದೆ. ಹೆಸರು: ಮಹಾನಂದಾ ಹೊಸತನ ಪೆಟ್ಟಿಗೆ. ಮೇಲೆ ಆಕೆಯ ಫೋಟೋ. ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ರೊಟ್ಟಿ ಒಡೆಯದಂತೆ ಮಾಡಲು ಯಾರಿಗೆ ಏನು ಉಪಾಯ ಹೊಳೆದರೂ ಅದರಲ್ಲಿ ಹಾಕಬೇಕು. ಸುಮ್ಮನೆ ಹಾಕುವಂತಿಲ್ಲ, ನಮೂನೆಯಲ್ಲಿ ಹಾಕಬೇಕು. ಹೆಸರು, ವಿಷಯ, ಈಗಿನ ಸ್ಥಿತಿ, ಸೂಚಿಸುವ ಬದಲಾವಣೆ, ನಿರೀಕ್ಷಿತ ಲಾಭ, ಸಹಿ, ಮೂರು ಪ್ರತಿ. ಏಳರಲ್ಲಿ ನಾಲ್ಕು ಮಂದಿಗೆ ಬರೆಯಲು ಬರುವುದಿಲ್ಲ ಎಂಬುದು ಗಮನದಲ್ಲಿತ್ತು. ಅದಕ್ಕೇ ಹೆಬ್ಬೆಟ್ಟಿನ ಮಸಿ ಇಟ್ಟಿದ್ದೆ. ಪ್ರತಿ ಸೂಚನೆಗೂ ಏಳು ದಿನದೊಳಗೆ ಲಿಖಿತ ಉತ್ತರ ಕೊಡಲಾಗುವುದು ಎಂದೂ ಘೋಷಿಸಿದೆ. ಮಾತು ಕೊಟ್ಟ ಮೇಲೆ ತಪ್ಪುವವನು ನಾನಲ್ಲ.

ತಿಂಗಳಾದ ಮೇಲೆ ಪೆಟ್ಟಿಗೆ ತೆರೆಯಲು ಹೊಸತನ ಸಮಿತಿಯ ಸಭೆ ಕರೆದೆ. ಹಿಟ್ಟು ಕಲಸಿದ್ದೇವೆ ಎಂದು ಯಾರೂ ಬರಲಿಲ್ಲ. ಆದರೂ ಸಭೆ ನಡೆಯಿತು. ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ, ಮೂರೂ ನಾನೇ ಆಗಿದ್ದರಿಂದ ಸಂಖ್ಯಾಬಲಕ್ಕೆ ತೊಂದರೆ ಇರಲಿಲ್ಲ.

ಪೆಟ್ಟಿಗೆಯೊಳಗೆ ಒಣಗಿದ ಚೆಂಡು ಹೂವಿತ್ತು. ಬಿಲ್ವಪತ್ರೆ ಇತ್ತು. ಒಂದು ವಿಭೂತಿ ಗಟ್ಟಿ, ಅರ್ಧ ಸುಟ್ಟ ಊದುಬತ್ತಿ. ಅಕ್ಕನ ಫೋಟೋ ಇಟ್ಟಿದ್ದಾರೆ ಎಂದರೆ ಇನ್ನೇನು ಹಾಕುತ್ತಾರೆ? ಒಂದು ತಿಂಗಳು ನಾನು ಗದ್ದುಗೆಗೆ ಬೀಗ ಹಾಕಿ ಕಾಯ್ದಿದ್ದೆ.

ಎಲ್ಲದರ ಅಡಿಯಲ್ಲಿ ಒಂದೇ ಒಂದು ನಮೂನೆ. ಮೂರನೇ ಈಯತ್ತೆಯವರೆಗೆ ಓದಿದ ರಮಾಬಾಯಿಯ ಅಕ್ಷರ. ಸೂಚಿಸುವ ಬದಲಾವಣೆ ಎಂಬಲ್ಲಿ ಹೀಗೆ ಬರೆದಿದ್ದಳು: "ಅಕ್ಕಾ, ಎಂಟನೇ ಒಲಿ ಹಚ್ಚಾಕ ಮಾಮಾಗ ಹೇಳು." ನಿರೀಕ್ಷಿತ ಲಾಭ ಎಂಬಲ್ಲಿ: "ನೀ ಇದ್ದಂಗ ಆಗ್ತದ."

ಸಮಿತಿಯ ಮೂವರೂ ಆ ನಮೂನೆಯನ್ನು ಮತ್ತೆ ಮತ್ತೆ ಓದಿದರು.

ಆದರೆ ನಿಯಮ ನಿಯಮವೇ. ಏಳು ದಿನದೊಳಗೆ ಉತ್ತರ ಕೊಡಬೇಕು. ಬರೆಯಲು ಕೂತರೆ ತೊಡಕು ಬಂತು. ಅರ್ಜಿ ನನ್ನ ಹೆಸರಿಗಿಲ್ಲ. ಯಾರ ಹೆಸರಿಗಿದೆಯೋ ಆಕೆ ಉತ್ತರ ಕೊಡುವಂತಿಲ್ಲ. ಮೂರು ದಿನ ಒದ್ದಾಡಿ, ನಾಲ್ಕನೇ ದಿನ ರಮಾಬಾಯಿಯ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಎಂಟನೇ ಒಲೆ ಅಂದರೆ ಏನು ಎಂದು ಕೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು. ಪ್ರತಿ ಸೋಮವಾರ ಮಧ್ಯಾಹ್ನ ಆ ಒಲೆ ಹಚ್ಚುವುದು. ಒಬ್ಬಳ ಪಾಳಿ. ಒಂದು ಸೇರು ಹಿಟ್ಟು, ಆಕೆ ಅದರಲ್ಲಿ ಏನು ಬೇಕಾದರೂ ಮಾಡಬಹುದು. ಎಳ್ಳು ಹಾಕಲಿ, ಸೊಪ್ಪು ಹಾಕಲಿ, ಕಾಗದದಷ್ಟು ತೆಳ್ಳಗೆ ಬಡಿಯಲಿ, ಬೇರೆ ರೀತಿಯಲ್ಲಿ ಒಣಗಿಸಲಿ. ಕೆಟ್ಟರೆ ಕೆಡಲಿ, ಎಲ್ಲರೂ ಕೂತು ಅದನ್ನೇ ತಿನ್ನಬೇಕು. ತಿಂದು ಮುಗಿಯುವವರೆಗೆ ಯಾರೂ ನಗುವಂತಿಲ್ಲ. ಆಮೇಲೆ ಕೆಡಿಸಿದವಳೇ ಮೊದಲು ಮಾತಾಡಬೇಕು, ನಾನು ಏನೇನು ಮಾಡಿದೆ ಎಂದು ಒಂದೂ ಬಿಡದೆ ಹೇಳಬೇಕು. ಕೊನೆಗೆ ಅದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗುರುತು ಹಾಕುವುದು. ಎಲ್ಲರಿಗೂ ಓದಲು ಬರುವುದಿಲ್ಲವೆಂದು ಸುತ್ತು, ಗೀಟು, ಚುಕ್ಕಿ ಮಹಾನಂದಾಳೇ ಗೊತ್ತು ಮಾಡಿದ್ದು.

ನಾನು ಮನಸ್ಸಿನಲ್ಲೇ ಎಣಿಸಿದೆ. ಗೊತ್ತಾದ ಹೊತ್ತು. ಗೊತ್ತಾದ ಜಾಗ. ಯಾರ ಜವಾಬ್ದಾರಿ ಎಂಬುದು. ದಾಖಲೆ. ಬೈಗುಳ ಇಲ್ಲ. ಎರಡು ಬಸ್ಸು ಬದಲಿಸಿ ಅಫಜಲಪುರಕ್ಕೆ ಹೋಗಿ ನಾನು ಕೆಂಪು ಪೆನ್ನಿನಲ್ಲಿ ಬರೆದುಕೊಂಡು ಬಂದದ್ದು ಮನೆಯಿಂದ ನಾಲ್ಕು ಮನೆ ಆಚೆ ಇತ್ತು. ಇದ್ದದ್ದನ್ನು ಆದೇಶ ಹೊರಡಿಸಿ ನಂದಿಸಿದ್ದೆ. ದಾಖಲೆಗೆ ಎರಡು ಸಲ ಸುಣ್ಣ ಹೊಡೆಸಿದ್ದೆ, ಮೂವತ್ತನಾಲ್ಕು ವರ್ಷ ದಾಖಲೆ ಕಾಯ್ದವನು.

"ಸುಣ್ಣಾ ನೋಡಿ ನೀಲಕ್ಕ ಮನಿಗಿ ಹೋಗಿ ಅತ್ತಳ್ರಿ ಮಾಮಾ. ನಿಮಗ ಹೇಳಬ್ಯಾಡ ಅಂದಿದ್ಲು."

"ಯಾಕ ಹೇಳಬಾರದಿತ್ತು?"

"ಎಲ್ಲಾ ಅಕ್ಕನ ಹೆಸರ್ಲೇ ಮಾಡಾಕತ್ತೀರಿ ಅಂತ ಕಾಣ್ತಿತ್ತಲ್ರಿ. ಹೆಂಗ್ ಹೇಳೂದು?"

ಪ್ರತಿ ಸೋಮವಾರ ಮಹಾನಂದಾ ಹಸಿವಿಲ್ಲ ಎನ್ನುತ್ತಾ ಮನೆಗೆ ಬರುತ್ತಿದ್ದಳು. ಗಂಡನನ್ನು ಬಿಟ್ಟು ಅಲ್ಲಿ ಏನೋ ಚೆನ್ನಾದದ್ದು ಮಾಡಿಕೊಂಡು ತಿಂದು ಬರುತ್ತಾಳೆ ಎಂದು ನಾನು ಒಳಗೊಳಗೇ ಮುನಿಸಿಕೊಳ್ಳುತ್ತಿದ್ದೆ. ಕೆಟ್ಟ ರೊಟ್ಟಿ ತಿಂದು ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಳು, ಹನ್ನೊಂದು ವರ್ಷ.

ರಮಾಬಾಯಿಯ ನಮೂನೆಯ ಮೇಲೆ "ಮಂಜೂರು" ಎಂದು ಬರೆದು ಸಹಿ ಮಾಡಿ ಕೊಟ್ಟೆ. ಒಂದೇ ಪ್ರತಿ.

ಸೋಮವಾರ ಒಲೆ ಹಚ್ಚಿದರು. ಇವತ್ತು ಯಾರ ಪಾಳಿ ಎಂದು ಕೇಳಿದೆ. ನೀಲಮ್ಮ ಒಲೆಗೆ ಕಟ್ಟಿಗೆ ಸರಿಸುತ್ತಾ ಹೇಳಿದಳು:

"ಪಾಳಿ ಅಕ್ಕನ ಮ್ಯಾಲೇ ನಿಂತದ್ರಿ. ಆ ಸೋಮವಾರ ಆಕಿ ಬರ್ಲಿಲ್ಲ." ಹಿಟ್ಟಿನ ಬುಟ್ಟಿ ನನ್ನ ಕಡೆ ಸರಿಸಿ, "ನೀವೇ ಕುಂದರ್ರಿ ಮಾಮಾ" ಅಂದಳು.

ಹೀಗೆ ಅರವತ್ತೆರಡನೇ ವಯಸ್ಸಿನಲ್ಲಿ ನಾನು ಮೊದಲ ಸಲ ಹಿಟ್ಟಿಗೆ ಕೈ ಹಾಕಿದೆ. ಬಿಸಿನೀರು ಹಾಕಬೇಕೆಂದು ಗೊತ್ತಿತ್ತು, ಎಷ್ಟು ಬಿಸಿ ಎಂದು ಗೊತ್ತಿರಲಿಲ್ಲ. ಬಡಿಯಲು ಹೊರಟರೆ ಹಿಟ್ಟು ಅಂಗೈ ಬಿಡಲೊಲ್ಲದು. ಅಂಗೈಯಿಂದ ಬಿಡಿಸಿದರೆ ಕಲ್ಲು ಬಿಡಲೊಲ್ಲದು. ಅದನ್ನು ಎತ್ತಿ ಹಂಚಿನ ಮೇಲೆ ಹಾಕುವಷ್ಟರಲ್ಲಿ ಮೂರು ಕಡೆ ಹರಿದು ಎರಡು ಕಡೆ ಮಡಚಿತ್ತು. ಒಂದು ಬದಿ ಕಪ್ಪಾಯಿತು, ಇನ್ನೊಂದು ಬದಿ ಹಸಿ ಉಳಿಯಿತು. ಇಂಥವು ನಾಲ್ಕು ಮಾಡಿದೆ. ಏಳೂ ಮಂದಿ ಸುತ್ತ ಕೂತು, ಶೇಂಗಾ ಹಿಂಡಿ ಹಚ್ಚಿಕೊಂಡು, ಪ್ರಸಾದ ತಿನ್ನುವವರ ಮುಖ ಮಾಡಿಕೊಂಡು ಅದನ್ನು ಅಗಿದರು. ಯಾರೂ ನಗಲಿಲ್ಲ. ಇಬ್ಬರ ಭುಜ ಮಾತ್ರ ಅಲುಗುತ್ತಿತ್ತು. ಕೊನೆಯ ತುತ್ತು ಇಳಿದದ್ದೇ ತಡ, ನೀಲಮ್ಮ ಉಳಿದ ಅರ್ಧ ರೊಟ್ಟಿಯನ್ನು ನಕ್ಷೆಯಂತೆ ಎತ್ತಿ ಹಿಡಿದಳು.

"ಇದು ನಮ್ಮ ಆಳಂದ ತಾಲೂಕು. ಇಲ್ಲಿ ಹರದದಲ್ಲಾ, ಇದು ಅಫಜಲಪುರ. ಮಾಮಾ ಟ್ರೇನಿಂಗ್ ಹೋದ ಜಾಗಾ ಸುಟ್ಟು ಕರ್ರಗಾಗೇದ ನೋಡ್ರಿ."

ಶ್ರಾವಣದಿಂದ ಈಚೆಗೆ ಆ ಶೆಡ್ಡಿನಲ್ಲಿ ನಗು ಕೇಳಿದ್ದು ಅಂದೇ. ನಾನೂ ನಕ್ಕೆ. ನಗುತ್ತಾ ಕಣ್ಣಿಗೆ ನೀರು ಬಂತು, ಹೊಗೆ ಅಂದೆ. ಯಾರೂ ಇಲ್ಲ ಅನ್ನಲಿಲ್ಲ.

ಆಮೇಲೆ ನಾನು ಮೊದಲು ಮಾತಾಡಬೇಕಾಯಿತು. ನೀರು ಸಾಕಷ್ಟು ಕಾಯಿಸಲಿಲ್ಲ ಅಂದೆ. ಉರಿ ಹೆಚ್ಚು ಮಾಡಿದೆ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದೂ ಬಿಡದೆ ಹೇಳಬೇಕು ಎಂಬುದು ಆಕೆ ಮಾಡಿದ ನಿಯಮ. ಅದಕ್ಕೇ ಶ್ರಾವಣದಿಂದ ಮಾಡಿದ್ದನ್ನೆಲ್ಲ ಹೇಳಿದೆ. ಒಲೆ ನಂದಿಸಿದೆ. ಗೋಡೆಗೆ ಸುಣ್ಣ ಹೊಡೆಸಿದೆ, ತಿಳಿಯದೆ ಹೊಡೆಸಿದೆ. ಪೆಟ್ಟಿಗೆಗೆ ಬೀಗ ಹಾಕಿದೆ. ಇನ್ನೇನು ಉಳಿಯಿತು ಎಂದು ಯೋಚಿಸಿ, ಸಂಜೆ ನಿಮ್ಮ ಗಂಟುಗಳನ್ನು ಬಿಚ್ಚಿ ಏಳೂ ಮಂದಿಯ ರೊಟ್ಟಿ ಬೆರೆಸಿ ಪೇರಿಸುತ್ತೇನೆ, ಅದೊಂದು ಕೆಡುಕಿನ ಕೆಲಸವಲ್ಲ ಬಿಡಿ ಅಂದೆ.

ನೀಲಮ್ಮನ ಮುಖದ ನಗು ನಿಂತಿತು.

"ಏನಂದ್ರಿ? ಗಂಟು ಬಿಚ್ಚತೀರಿ?"

ಆಕೆ ಎದ್ದು ತನ್ನದೊಂದು ರೊಟ್ಟಿ, ರಮಾಬಾಯಿಯದೊಂದು ರೊಟ್ಟಿ ತಂದು ನನ್ನ ಮುಂದೆ ಒಂದರ ಮೇಲೊಂದು ಇಟ್ಟಳು. ಬೆಂದ ರೊಟ್ಟಿಯನ್ನು ಖಡಕ್ ಆಗಲು ಒಲೆಯ ಬದಿಗೆ ಒರಗಿಸಿ ಇಡುತ್ತಾರೆ. ಒಬ್ಬೊಬ್ಬಳು ಒರಗಿಸುವ ರೀತಿ ಒಂದೊಂದು. ನೀಲಮ್ಮನದು ತಾಟಿನಂತೆ ಒಳಬಾಗುತ್ತದೆ, ರಮಾಬಾಯಿಯದು ಹಲಗೆಯಂತೆ ಚಪ್ಪಟೆ. ಒಂದೇ ಕೈಯವು ಒಂದರೊಳಗೊಂದು ಕೂರುತ್ತವೆ. ಇವೆರಡು ಕೂರಲಿಲ್ಲ, ತೊಟ್ಟಿಲಿನಂತೆ ಅಲ್ಲಾಡಿದವು. ನೀಲಮ್ಮ ಮೇಲಿನದನ್ನು ಒಂದು ಬೆರಳಿನಿಂದ ಒತ್ತಿದಳು. ಟಕ್ ಎಂದು ಎರಡಾಯಿತು.

ಇದೇ ಸಂಗತಿಯನ್ನು ಮಹಾನಂದಾ ವರ್ಷಗಳ ಹಿಂದೆ ತನ್ನ ಪಾಳಿಯಲ್ಲಿ ಕಂಡುಹಿಡಿದಿದ್ದಳಂತೆ. ಗೋಡೆಯ ಎಡ ಮೂಲೆಯಲ್ಲಿ ಎರಡು ಅರ್ಧ ಸುತ್ತು, ನಡುವೆ ಕತ್ತರಿ ಗುರುತು. ನನಗೆ ನೆನಪಿತ್ತು. ಎರಡನೇ ಸಲ ಸುಣ್ಣ ಹೊಡೆಸಬೇಕಾಗಿ ಬಂದದ್ದು ಆ ಮೂಲೆಗೇ.

"ಮಾಮಾ," ಎಂದಳು ನೀಲಮ್ಮ, ಸಿಟ್ಟಿಲ್ಲದೆ, "ರೊಟ್ಟಿ ಒಡೀಬಾರ್ದು, ಉಪಾಯ ಹೇಳ್ರಿ ಉಪಾಯ ಹೇಳ್ರಿ ಅಂತ ನಮ್ಮ ಬೆನ್ನ ಹತ್ತಿದ್ರಿ. ಒಡಿಯೋ ಉಪಾಯ ನೀವೇ ಮಾಡಿದ್ದು ಹೇಳಲೇ ಇಲ್ಲಲ್ರಿ."

ಎಳ್ಳಮಾವಾಸ್ಯೆಗೆ ಇನ್ನು ಎರಡು ಸೋಮವಾರ ಉಳಿದಿದ್ದವು. ಜೋಳದ ರೊಟ್ಟಿಗೆ ಗಂಟು ಬಿಚ್ಚದಿದ್ದರೆ ಸಾಕಿತ್ತು. ಸಜ್ಜೆ ರೊಟ್ಟಿ ಇನ್ನೂ ಬೇಗ ಒಡೆಯುವಂಥದು, ಅದಕ್ಕೆ ಬೇರೆ ಏನಾದರೂ ಬೇಕಿತ್ತು. ರಮಾಬಾಯಿ ತನ್ನ ಪಾಳಿಯಲ್ಲಿ ಮಣ್ಣಿನ ಗಡಿಗೆ ಬೋರಲು ಹಾಕಿ, ಬಿಸಿ ಇದ್ದಾಗಲೇ ರೊಟ್ಟಿಗಳನ್ನು ಅದರ ಮೇಲೆ ಹೊದಿಸಿ ಒಣಗಿಸಿದಳು, ಯಾರ ಕೈಯದಾದರೂ ಬಾಗು ಒಂದೇ ಆಗಲೆಂದು. ಮೊದಲ ಸೋಮವಾರ ಎಲ್ಲವೂ ನಡುವೆ ಸೀಳಿದವು. ತಿಂದೆವು. ಎರಡನೇ ಸೋಮವಾರ ಇನ್ನೊಬ್ಬಳು ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಅದನ್ನೇ ಮಾಡಿದಳು. ಅವು ಉಳಿದವು. ನಾನು ಅಫಜಲಪುರದ ನೋಟ್‌ಬುಕ್ಕಿನಲ್ಲಿ ಬರೆಯಲು ಪೆನ್ನು ತೆಗೆದೆ. ನೀಲಮ್ಮ ನನ್ನ ಕೈಗೆ ಇದ್ದಿಲು ಕೊಟ್ಟು ಗೋಡೆ ತೋರಿಸಿದಳು.

ಹಬ್ಬದ ಹಿಂದಿನ ದಿನ ಡಬ್ಬಿಗಳ ಜೊತೆ ನಾನೇ ಜೇವರ್ಗಿಗೆ ಹೋದೆ. ಬಸ್ಸಿನ ಮೇಲೆ ಏರಿಸುವಾಗ ಮಾಮಾ ಮುಟ್ಟಕೂಡದು ಎಂದು ಕಂಡಕ್ಟರನಿಗೆ ಹೇಳಿ ಕಳಿಸಿದ್ದರು. ದಾರಿಯಲ್ಲಿ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಾಲ್ಕು ಒಲೆಗಳು ನನ್ನ ಕಣ್ಣ ಮುಂದೆ ಬಂದವು.

ಸಾಹುಕಾರರು ಮೊದಲ ಡಬ್ಬಿ ತೆರೆದು ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಎರಡನೇ ಡಬ್ಬಿಯನ್ನು ನಂಬಿಕೆ ಬಾರದೆ ಅಡಿಯಿಂದ ತೆಗೆದು ನೋಡಿದರು. ಮೂರನೆಯದನ್ನು ತೆರೆಯಲಿಲ್ಲ. ಮುಂದಿನ ತಿಂಗಳಿಂದ ಮೊದಲಿನಷ್ಟೇ ಕಳಿಸಿ ಎಂದರು. ಆಮೇಲೆ ಕೇಳಿದರು:

"ಏನ್ ಹೊಸಾ ಪದ್ಧತಿ ತಂದ್ರಿ ಸರ್ರ?"

ನನ್ನ ಚೀಲದಲ್ಲಿ ಕೆಂಪು ಅಡಿಗೆರೆಗಳ ನೋಟ್‌ಬುಕ್ಕಿತ್ತು. ನಾನು ಅದನ್ನು ತೆಗೆಯಲಿಲ್ಲ.

"ಡಬ್ಬಿಗೆ ನಾ ಕೈ ಹಚ್ಚೂದು ಬಿಟ್ಟೇನ್ರಿ."

ಸಾಹುಕಾರರು ನಗಲಿಲ್ಲ. ವ್ಯಾಪಾರದ ಮನುಷ್ಯ, ಸ್ವಲ್ಪ ಯೋಚಿಸಿ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಅದನ್ನ ಬರದು ಕೊಡ್ರಿ."

ಬರೆದೆ. "ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಕೆಳಗೆ ಸಹಿ ಮಾಡಿದ ನಾನು ಇನ್ನು ಮುಂದೆ ಯಾವುದೇ ಕಾರಣಕ್ಕೂ, ಯಾವುದೇ ಸುಧಾರಣೆಯ ಸಲುವಾಗಿಯೂ, ಕೇಂದ್ರದ ರೊಟ್ಟಿ ಗಂಟುಗಳನ್ನು ಬಿಚ್ಚುವುದಿಲ್ಲ." ಸಾವಿರಾರು ಮಕ್ಕಳ ನಡತೆಗೆ ಪ್ರಮಾಣಪತ್ರ ಬರೆದಿದ್ದೇನೆ. ನನ್ನ ನಡತೆಗೆ ಬರೆದದ್ದು ಇದೊಂದೇ. ಸಹಿ ಮಾಡಿದೆ, ತಾರೀಖು ಹಾಕಿದೆ, ಅಭ್ಯಾಸಬಲದಿಂದ ಕೆಳಗೆ "ಹುದ್ದೆ" ಎಂದು ಬರೆದು ಎರಡು ಚುಕ್ಕಿ ಇಟ್ಟೆ.

ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಆ ಕೇಂದ್ರದಲ್ಲಿ ನನಗೆ ಇದ್ದ ಹುದ್ದೆ ಮಹಾನಂದಾಳ ಗಂಡ ಎಂಬುದಷ್ಟೇ. ಅದನ್ನು ಕಾಗದದ ಮೇಲೆ ಬರೆಯಲು ಕೈ ಏಳಲಿಲ್ಲ. ಹಾಗೇ ಖಾಲಿ ಬಿಟ್ಟು ಕೊಟ್ಟೆ. ನಮ್ಮ ಆಫೀಸಿಗೆ ಹೀಗೆ ಖಾಲಿ ಬಿಟ್ಟ ಕಾಗದ ಬಂದಿದ್ದರೆ ನಾನೇ ತಿರಸ್ಕರಿಸಿ ವಾಪಸು ಕಳಿಸುತ್ತಿದ್ದೆ. ಸಾಹುಕಾರರು ಓದಿ, ಮಡಚಿ, ದುಡ್ಡಿನ ಗಲ್ಲೆಯಲ್ಲಿಟ್ಟುಕೊಂಡರು.